ಕಲಿಸುವ ತಂತ್ರಾಂಶಕ್ಕೆ ಮಗುವಿನ ಬಗ್ಗೆ ಎಷ್ಟು ಗೊತ್ತಿರಬೇಕು?

ಸಂಪಾದಕರಿಗೆ,

ಮಾನ್ಯರೇ,

ಶಾಲೆಗಳಲ್ಲಿ ಕೃತಕ ಬುದ್ಧಿಮತ್ತೆಯ ಬೋಧನಾ ತಂತ್ರಾಂಶಗಳನ್ನು ಅಳವಡಿಸುವ ಕುರಿತು ನಡೆಯುತ್ತಿರುವ ಚರ್ಚೆ ಬಹುಮಟ್ಟಿಗೆ ಎರಡೇ ಪ್ರಶ್ನೆಗಳಿಗೆ ಸೀಮಿತವಾಗಿದೆ: ಇವುಗಳಿಂದ ಮಕ್ಕಳ ಕಲಿಕೆ ಉತ್ತಮಗೊಳ್ಳುವುದೇ, ಶಿಕ್ಷಕರ ಸ್ಥಾನಕ್ಕೆ ಇವುಗಳಿಂದ ಕುತ್ತು ಬರುವುದೇ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಬೋಧಿಸುವ ನನಗೆ ಮೂರನೆಯ ಪ್ರಶ್ನೆಯೊಂದು ಇವೆರಡಕ್ಕಿಂತ ತುರ್ತಿನದಾಗಿ ಕಾಣುತ್ತದೆ. ಪಾಠ ಹೇಳಿಕೊಡಲು ಈ ತಂತ್ರಾಂಶಕ್ಕೆ ಮಗುವಿನ ಬಗ್ಗೆ ಎಷ್ಟು ತಿಳಿದಿರಬೇಕು, ತಿಳಿದದ್ದನ್ನು ಅದು ಎಲ್ಲಿ ಮತ್ತು ಎಷ್ಟು ಕಾಲ ಇಟ್ಟುಕೊಳ್ಳಬೇಕು? ಈ ಬಗ್ಗೆ ನಮ್ಮ ಶಾಸ್ತ್ರದಲ್ಲಿ ಮೂರು ದಶಕಗಳ ಗಟ್ಟಿ ಕೆಲಸ ನಡೆದಿದೆ. ಅದರ ತಿರುಳು ಶಾಲಾ ಆಡಳಿತ ಮಂಡಳಿಗಳಿಗೂ ಇಲಾಖೆಯ ಅಧಿಕಾರಿಗಳಿಗೂ ಇನ್ನೂ ತಲುಪಿಲ್ಲವೆಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಇಂಥ ತಂತ್ರಾಂಶ ಕೆಲಸ ಮಾಡುವ ಬಗೆಯನ್ನು ನೋಡೋಣ. ಏಳನೇ ತರಗತಿಯ ಹುಡುಗಿಯೊಬ್ಬಳು 1/2 ಮತ್ತು 1/3ನ್ನು ಕೂಡಿಸಿ 2/5 ಎಂದು ಬರೆದಳು ಎಂದಿಟ್ಟುಕೊಳ್ಳಿ. ಅನುಭವವಿರುವ ಯಾವುದೇ ಗಣಿತದ ಮೇಷ್ಟ್ರಿಗೆ ಈ ತಪ್ಪಿನ ಮೂಲ ಕೂಡಲೇ ತಿಳಿಯುತ್ತದೆ: ಆಕೆ ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿಸಿದ್ದಾಳೆ. ತಂತ್ರಾಂಶವೂ ಇದನ್ನೇ ಊಹಿಸಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಲ್ಬರ್ಟ್ ಕಾರ್ಬೆಟ್ ಮತ್ತು ಜಾನ್ ಆಂಡರ್ಸನ್ 1990ರ ದಶಕದಲ್ಲಿ ಇದಕ್ಕೊಂದು ಗಣಿತೀಯ ಮಾದರಿಯನ್ನು ರೂಪಿಸಿದರು. ಅದರಲ್ಲಿ ಪ್ರತಿ ಕೌಶಲಕ್ಕೂ ನಾಲ್ಕೇ ಸಂಖ್ಯೆಗಳು: ಮಗುವಿಗೆ ಅದು ಮೊದಲೇ ಗೊತ್ತಿದ್ದ ಸಂಭವನೀಯತೆ, ಒಂದು ಲೆಕ್ಕ ಮಾಡಿದ ಮೇಲೆ ಅದನ್ನು ಕಲಿತಿರುವ ಸಂಭವನೀಯತೆ, ಗೊತ್ತಿದ್ದೂ ಕೈತಪ್ಪಿ ತಪ್ಪು ಬರೆಯುವ ಸಂಭವನೀಯತೆ, ಗೊತ್ತಿಲ್ಲದಿದ್ದರೂ ಊಹೆಯಿಂದ ಸರಿಯುತ್ತರ ಕೊಡುವ ಸಂಭವನೀಯತೆ. ಪ್ರತಿ ಉತ್ತರದ ನಂತರ ಮಗುವಿನ ಕುರಿತ ಅಂದಾಜು ಸ್ವಲ್ಪ ಏರುತ್ತದೆ ಅಥವಾ ಇಳಿಯುತ್ತದೆ. ಅದು ಒಂದು ಮಟ್ಟ ಮುಟ್ಟಿದಾಗ ತಂತ್ರಾಂಶ ಮುಂದಿನ ಪಾಠಕ್ಕೆ ಹೋಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಈ ಲೆಕ್ಕಾಚಾರಕ್ಕೆ ಬೇಕಾಗುವ ಮಾಹಿತಿಯ ಅಲ್ಪತೆ. ಒಂದು ವರ್ಷದ ಗಣಿತ ಪಠ್ಯದಲ್ಲಿ ಕೆಲವು ನೂರು ಕೌಶಲಗಳಿವೆ ಎಂದುಕೊಂಡರೂ ಒಂದು ಮಗುವಿನ ಸಂಪೂರ್ಣ ಚಿತ್ರ ಸಾವಿರ ಚಿಲ್ಲರೆ ಸಂಖ್ಯೆಗಳಲ್ಲಿ ಮುಗಿಯುತ್ತದೆ. ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊ ಹಿಡಿಸುವಷ್ಟು ಜಾಗವೂ ಇದಕ್ಕೆ ಬೇಡ. ಲೆಕ್ಕವನ್ನು ಅತಿ ಸಾಧಾರಣ ಟ್ಯಾಬ್ಲೆಟ್ ಕೂಡ ತಾನೇ ಮಾಡಿ ಮುಗಿಸಬಲ್ಲದು. ಮಾಹಿತಿ ಆ ಸಾಧನದಿಂದ ಹೊರಗೆ ಹೋಗಲೇಬೇಕಾದ ಬೋಧನಾ ಕಾರಣ ಇಲ್ಲಿ ಇಲ್ಲ. ಹೆಚ್ಚು ದತ್ತಾಂಶ ಸಿಕ್ಕಷ್ಟೂ ಬೋಧನೆ ಉತ್ತಮಗೊಳ್ಳುತ್ತದೆ ಎಂಬ ವಾದವೂ ಪ್ರಶ್ನಾತೀತವಲ್ಲ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅಪಾರ ದತ್ತಾಂಶದಿಂದ ಕಲಿಯುವ ನರಜಾಲ (ನ್ಯೂರಲ್ ನೆಟ್‌ವರ್ಕ್) ಆಧಾರಿತ ಹೊಸ ಮಾದರಿಯೊಂದನ್ನು ಪ್ರಕಟಿಸಿದಾಗ ಅದು ಹಳೆಯದನ್ನು ಬಹಳ ಹಿಂದಿಕ್ಕಿತೆಂಬ ಅಭಿಪ್ರಾಯ ಮೂಡಿತ್ತು; ಮರುವರ್ಷವೇ ಕೊಲರಾಡೊ ವಿಶ್ವವಿದ್ಯಾಲಯದ ಮೈಕೆಲ್ ಮೋಜರ್ ಮತ್ತು ಸಂಗಡಿಗರು ಹಳೆಯ ಮಾದರಿಯನ್ನೇ ಕೊಂಚ ವಿಸ್ತರಿಸಿದರೆ ಅದು ಹೊಸದಕ್ಕೆ ಸರಿಸಾಟಿಯಾಗಿ ನಿಲ್ಲುತ್ತದೆಂದು ತೋರಿಸಿದರು.

ಆದರೆ ಮಾರುಕಟ್ಟೆಯಲ್ಲಿರುವ ಆ್ಯಪ್‌ಗಳು ಕೇಳುವುದೇ ಬೇರೆ. ಸ್ಥಳದ ವಿವರ, ಫೋನಿನಲ್ಲಿರುವ ಸಂಪರ್ಕ ಸಂಖ್ಯೆಗಳು, ಜಾಹೀರಾತಿಗಾಗಿ ಬಳಸುವ ಗುರುತು ಸಂಖ್ಯೆ, ಮಗು ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತಿತು, ರಾತ್ರಿ ಎಷ್ಟು ಗಂಟೆಗೆ ಆ್ಯಪ್ ತೆರೆಯಿತು ಎಂಬವೆಲ್ಲ ಭಿನ್ನರಾಶಿ ಕಲಿಸುವುದಕ್ಕೆ ಬೇಕಾದವಲ್ಲ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ್ದ 164 ಕಲಿಕಾ ಆ್ಯಪ್ ಮತ್ತು ಜಾಲತಾಣಗಳನ್ನು ತಾಂತ್ರಿಕವಾಗಿ ಪರಿಶೀಲಿಸಲಾಗಿತ್ತು. ಅವುಗಳಲ್ಲಿ ಶೇ 89ರಷ್ಟು ಮಕ್ಕಳ ಹಕ್ಕುಗಳಿಗೆ ಧಕ್ಕೆ ತರುವ ಅಥವಾ ತರಬಹುದಾದ ರೀತಿಯಲ್ಲಿ ದತ್ತಾಂಶವನ್ನು ನಿರ್ವಹಿಸುತ್ತಿದ್ದವು. ಪರಿಶೀಲನೆಗೆ ಒಳಗಾದವುಗಳಲ್ಲಿ ನಮ್ಮ ದೇಶದ ದೀಕ್ಷಾ ವೇದಿಕೆಯೂ ಇತ್ತು.

ಪೋಷಕರ ಸಮ್ಮತಿ ಪಡೆದೇ ಇದೆಲ್ಲ ನಡೆಯುತ್ತದೆ ಎನ್ನುವವರಿದ್ದಾರೆ. ಕಳೆದ ವರ್ಷ ನನ್ನ ಅಕ್ಕನ ಮಗನ ಶಾಲೆಯಿಂದ ಬಂದ ಸಮ್ಮತಿ ಪತ್ರವನ್ನು ನಾನು ಓದಿದೆ. ಎರಡು ಪುಟಗಳ ಇಂಗ್ಲಿಷ್ ಒಕ್ಕಣೆ. ಸೇವೆಯನ್ನು ಉತ್ತಮಪಡಿಸಲು ಮಾಹಿತಿಯನ್ನು ಪಾಲುದಾರ ಸಂಸ್ಥೆಗಳೊಂದಿಗೆ ಹಂಚಿಕೊಳ್ಳಬಹುದು ಎಂಬ ಸಾಲು. ಕೊನೆಗೆ ಸಹಿ ಹಾಕುವ ಜಾಗ. ಒಪ್ಪುವುದಿಲ್ಲ ಎಂದು ತಿಳಿಸಲು ಅಲ್ಲಿ ಅವಕಾಶವೇ ಇರಲಿಲ್ಲ. ಏನೇನು ಮಾಹಿತಿ ತೆಗೆದುಕೊಳ್ಳುತ್ತಾರೆಂದು ಅಕ್ಕ ತರಗತಿಯ ಶಿಕ್ಷಕಿಯನ್ನು ಕೇಳಿದಾಗ, "ನಮಗೂ ಗೊತ್ತಿಲ್ಲ ಮೇಡಂ, ಮ್ಯಾನೇಜ್‌ಮೆಂಟ್‌ನಿಂದ ಬಂದಿದೆ, ಸೋಮವಾರದೊಳಗೆ ಕೊಟ್ಟುಬಿಡಿ" ಎಂಬ ಉತ್ತರ ಬಂತು. ಆ ಶಿಕ್ಷಕಿಯದು ತಪ್ಪೆಂದು ನಾನು ಹೇಳುವುದಿಲ್ಲ. ತಮಗೇ ತಿಳಿಯದ ವಿಷಯಕ್ಕೆ ಅವರು ಪೋಷಕರಿಂದ ಸಹಿ ಸಂಗ್ರಹಿಸಬೇಕಾಗಿ ಬಂದಿತ್ತು.

ಇನ್ನೊಂದು ಸಮಾಧಾನದ ಮಾತು ಪದೇ ಪದೇ ಕೇಳಿಬರುತ್ತದೆ: ಮಕ್ಕಳ ಹೆಸರನ್ನು ತೆಗೆದುಹಾಕಿಯೇ ದತ್ತಾಂಶವನ್ನು ಬಳಸುತ್ತೇವೆ, ಆದ್ದರಿಂದ ಅಪಾಯವಿಲ್ಲ. ಕಂಪ್ಯೂಟರ್ ವಿಜ್ಞಾನ ಅತ್ಯಂತ ಖಚಿತವಾಗಿ ತಳ್ಳಿಹಾಕಿರುವ ಮಾತು ಇದು. 1990ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ಆಯೋಗವು ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು, ವಿಳಾಸ ಅಳಿಸಿ, ಆದರೆ ಜನ್ಮದಿನಾಂಕ, ಲಿಂಗ, ಅಂಚೆ ಸೂಚಿಕೆಗಳನ್ನು (ಪಿನ್ ಕೋಡ್) ಉಳಿಸಿ ಸಂಶೋಧಕರಿಗೆ ನೀಡಿತು. ಆಗ ಎಂಐಟಿಯಲ್ಲಿ ವಿದ್ಯಾರ್ಥಿನಿಯಾಗಿದ್ದ ಲಟಾನಿಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು ಖರೀದಿಸಿ ಎರಡನ್ನೂ ಹೋಲಿಸಿದರು. ಗವರ್ನರ್ ವಿಲಿಯಂ ವೆಲ್ಡ್ ಅವರ ಜನ್ಮದಿನಾಂಕವೇ ಇದ್ದವರು ಆ ಪಟ್ಟಿಯಲ್ಲಿ ಆರು ಮಂದಿ. ಅವರಲ್ಲಿ ಪುರುಷರು ಮೂವರು. ಆ ಮೂವರಲ್ಲಿ ಗವರ್ನರ್ ಅವರ ಅಂಚೆ ಸೂಚಿಕೆಯ ಪ್ರದೇಶದಲ್ಲಿ ವಾಸವಿದ್ದವರು ಒಬ್ಬರೇ. ಹೀಗೆ ರಾಜ್ಯದ ಗವರ್ನರ್ ಅವರ ವೈದ್ಯಕೀಯ ದಾಖಲೆಯೇ ಹೊರಬಂತು. ಜನ್ಮದಿನಾಂಕ, ಲಿಂಗ, ಅಂಚೆ ಸೂಚಿಕೆ ಈ ಮೂರೇ ಸೇರಿ ಅಮೆರಿಕದ ಜನಸಂಖ್ಯೆಯ ಶೇ 87ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸಬಲ್ಲವೆಂದು ಸ್ವೀನಿ ಆಮೇಲೆ ಅಂದಾಜಿಸಿದರು.

ಶಿಕ್ಷಣ ಕ್ಷೇತ್ರದ್ದೇ ಉದಾಹರಣೆ ಬೇಕೆಂದರೆ ಅದೂ ಇದೆ. ಹಾರ್ವರ್ಡ್ ಮತ್ತು ಎಂಐಟಿ 2014ರಲ್ಲಿ ತಮ್ಮ ಎಡ್‌ಎಕ್ಸ್ ಆನ್‌ಲೈನ್ ಕಲಿಕಾ ವೇದಿಕೆಯ 16 ಕೋರ್ಸುಗಳಿಗೆ ಸೇರಿದ್ದ ಲಕ್ಷಾಂತರ ವಿದ್ಯಾರ್ಥಿಗಳ ದತ್ತಾಂಶವನ್ನು ಸಂಶೋಧನೆಗೆಂದು ಪ್ರಕಟಿಸಿದವು. ಆ ಸಂಸ್ಥೆಗಳು ಇದನ್ನು ಅಸಡ್ಡೆಯಿಂದ ಮಾಡಲಿಲ್ಲ. ಒಬ್ಬೊಬ್ಬ ವಿದ್ಯಾರ್ಥಿಯೂ ಕನಿಷ್ಠ ಐವರು ಒಂದೇ ತೆರನಾಗಿ ಕಾಣುವ ಗುಂಪಿನಲ್ಲಿ ಸೇರಿಹೋಗುವಂತೆ ದತ್ತಾಂಶವನ್ನು ತಿದ್ದಿದ್ದವು. ಆ ತಿದ್ದುಪಡಿಯಿಂದ ಸಂಶೋಧನೆಯ ಫಲಿತಾಂಶವೇ ವ್ಯತ್ಯಾಸವಾಗುತ್ತದೆಂದು ತಾವೇ ಪ್ರಾಮಾಣಿಕವಾಗಿ ಬರೆದುಕೊಂಡಿದ್ದವು. ಇಷ್ಟಾದರೂ 2022ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಲೋನಿ ಕೋಹೆನ್ ಲಿಂಕ್ಡ್‌ಇನ್ ಎಂಬ ಉದ್ಯೋಗ ಸಂಪರ್ಕ ಜಾಲತಾಣದ ನೆರವಿನಿಂದ ಮೂವರು ವಿದ್ಯಾರ್ಥಿಗಳನ್ನು ಗುರುತಿಸಿ ತೋರಿಸಿದರು. ಸೇರಿ ಅರ್ಧದಲ್ಲಿ ಬಿಟ್ಟ ಕೋರ್ಸುಗಳ ವಿವರವೂ ಇಂಥ ಕಡತದಲ್ಲಿರುತ್ತದೆ ಎಂಬುದನ್ನು ನೆನೆದರೆ, ನಾಳೆ ಕೆಲಸಕ್ಕೆ ಅರ್ಜಿ ಹಾಕುವವರ ಪಾಲಿಗೆ ಇದು ಸಣ್ಣ ಸಂಗತಿಯಲ್ಲ. ಜಗತ್ತಿನ ಅತ್ಯುತ್ತಮ ತಜ್ಞರಿರುವ ಎರಡು ಸಂಸ್ಥೆಗಳು ಎಚ್ಚರವಹಿಸಿಯೂ ಹೀಗಾದರೆ, ಹೆಸರಿನ ಕಾಲಂ ಅಳಿಸಿದ ಮಾತ್ರಕ್ಕೆ ಮಕ್ಕಳು ಸುರಕ್ಷಿತರೆಂದು ಯಾವುದೇ ಕಂಪನಿ ಹೇಗೆ ತಾನೇ ಭರವಸೆ ಕೊಡಬಲ್ಲದು?

ದತ್ತಾಂಶವನ್ನು ಹೊರಗೆ ಬಿಡದಿದ್ದರೂ ಅದರಿಂದ ತರಬೇತಿ ಪಡೆದ ಮಾದರಿಯ, ಅಂದರೆ ಆ ದತ್ತಾಂಶವನ್ನು ನೋಡಿ ಕಲಿತ ತಂತ್ರಾಂಶದ, ಮೂಲಕವೇ ಮಾಹಿತಿ ಸೋರಬಹುದು. ಒಬ್ಬ ನಿರ್ದಿಷ್ಟ ವ್ಯಕ್ತಿಯ ದಾಖಲೆ ತರಬೇತಿಯಲ್ಲಿ ಬಳಕೆಯಾಗಿತ್ತೇ ಎಂಬುದನ್ನು ಮಾದರಿಯ ಉತ್ತರಗಳಿಂದಲೇ ಪತ್ತೆಹಚ್ಚಬಹುದೆಂದು ರೆಜಾ ಶೋಕ್ರಿ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. 2021ರಲ್ಲಿ ನಿಕೊಲಸ್ ಕಾರ್ಲಿನಿ ಮತ್ತಿತರರು ಪಠ್ಯ ರಚಿಸುವ ಜಿಪಿಟಿ-2 ಭಾಷಾ ಮಾದರಿಯಿಂದ ಅದು ಕಂಠಪಾಠ ಮಾಡಿಕೊಂಡಿದ್ದ ಹೆಸರು, ಫೋನ್ ಸಂಖ್ಯೆ, ವಿಳಾಸಗಳನ್ನು ಯಥಾವತ್ತಾಗಿ ಹೊರತೆಗೆದರು. ಮಕ್ಕಳು ಮನಬಿಚ್ಚಿ ಪ್ರಶ್ನೆ ಕೇಳುವ, ಕೆಲವೊಮ್ಮೆ ಮನೆಯ ಸಂಕಟವನ್ನೂ ಹೇಳಿಕೊಳ್ಳುವ ಸಂವಾದಿ ಬೋಧಕ ತಂತ್ರಾಂಶಗಳ ಈ ಕಾಲದಲ್ಲಿ, ಆ ಮಾತುಕತೆ ಮುಂದಿನ ತರಬೇತಿಗೆ ಬಳಕೆಯಾಗುತ್ತದೆಯೇ ಎಂದು ಪ್ರತಿ ಶಾಲೆಯೂ ಮೊದಲು ಕೇಳಬೇಕು.

ಹಾಗೆಂದು ಈ ತಂತ್ರಾಂಶಗಳೇ ಬೇಡವೆನ್ನುವುದು ನನ್ನ ನಿಲುವಲ್ಲ. ಒಂದೇ ಕೊಠಡಿಯಲ್ಲಿ ಎರಡು ಮೂರು ತರಗತಿಗಳನ್ನು ಒಬ್ಬರೇ ಶಿಕ್ಷಕರು ನಿಭಾಯಿಸುತ್ತಿರುವ ನಮ್ಮ ಗ್ರಾಮೀಣ ಶಾಲೆಗಳಲ್ಲಿ ಪ್ರತಿ ಮಗುವಿನ ತಪ್ಪನ್ನೂ ತಾಳ್ಮೆಯಿಂದ ನೋಡಿ ತಿದ್ದುವ ಸಾಧನ ನಿಜವಾದ ನೆರವಾದೀತು. ತಂತ್ರಾಂಶ ಚೆನ್ನಾಗಿ ಕಲಿಸುವುದಕ್ಕೂ ಮಗುವಿನ ಖಾಸಗಿತನ ಉಳಿಯುವುದಕ್ಕೂ ದಾರಿಗಳಿವೆ. ಅವುಗಳಲ್ಲಿ ಒಂದನ್ನು ಇಲ್ಲಿ ವಿವರಿಸುತ್ತೇನೆ. ಒಂದು ಪಾಠ ಎಷ್ಟು ಮಕ್ಕಳಿಗೆ ಅರ್ಥವಾಗಿಲ್ಲ ಎಂಬುದು ಪಠ್ಯ ರೂಪಿಸುವವರಿಗೆ ತಿಳಿಯಬೇಕು, ಆದರೆ ಯಾವ ಮಗುವಿಗೆ ಅರ್ಥವಾಗಿಲ್ಲ ಎಂಬುದು ತಿಳಿಯಬಾರದು. ಸಾವಿರ ಮಕ್ಕಳಲ್ಲಿ ಪ್ರತಿಯೊಬ್ಬರೂ ಗುಟ್ಟಾಗಿ ನಾಣ್ಯ ಚಿಮ್ಮಲಿ. ತಲೆ ಬಿದ್ದವರು ನಿಜ ಹೇಳಲಿ. ಬಾಲ ಬಿದ್ದವರು ಮತ್ತೊಮ್ಮೆ ಚಿಮ್ಮಿ, ತಲೆ ಬಂದರೆ 'ಅರ್ಥವಾಗಿಲ್ಲ', ಬಾಲ ಬಂದರೆ 'ಅರ್ಥವಾಗಿದೆ' ಎನ್ನಲಿ. ನಿಜಕ್ಕೂ 300 ಮಕ್ಕಳಿಗೆ ಅರ್ಥವಾಗಿಲ್ಲದಿದ್ದರೆ, ನಿಜ ಹೇಳುವ ಸುಮಾರು 500 ಮಕ್ಕಳಲ್ಲಿ 150, ನಾಣ್ಯದಂತೆ ಹೇಳುವ ಉಳಿದ 500ರಲ್ಲಿ 250, ಒಟ್ಟು 400 ಉತ್ತರಗಳು 'ಅರ್ಥವಾಗಿಲ್ಲ' ಎಂದು ಬರುತ್ತವೆ. ಆ 400ರಲ್ಲಿ 250 ಕಳೆದು 500ರಿಂದ ಭಾಗಿಸಿದರೆ ಶೇ 30 ಎಂಬ ನಿಜಸ್ಥಿತಿ ಸಿಗುತ್ತದೆ. ಆದರೆ ಯಾವೊಂದು ಮಗುವಿನ ಉತ್ತರವನ್ನೂ ಹಿಡಿದು, ಇದು ನಿನ್ನದೇ ಮಾತು ಎನ್ನುವಂತಿಲ್ಲ.

ಇದು ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ಸೂಚಿಸಿದ ಉಪಾಯದ ಒಂದು ಸರಳ ರೂಪ. 2006ರಲ್ಲಿ ಸಿಂಥಿಯಾ ಡ್ವೋರ್ಕ್ ಮತ್ತು ಮೂವರು ಸಹ ಸಂಶೋಧಕರು ಇದೇ ಬಗೆಯ ವಿಚಾರಕ್ಕೆ ಡಿಫರೆನ್ಷಿಯಲ್ ಪ್ರೈವೆಸಿ ಎಂಬ ಕಟ್ಟುನಿಟ್ಟಾದ ಗಣಿತೀಯ ರೂಪ ಕೊಟ್ಟರು; ಅಮೆರಿಕದ 2020ರ ಜನಗಣತಿಯ ಅಂಕಿಅಂಶಗಳನ್ನು ಈ ವಿಧಾನದಿಂದಲೇ ಪ್ರಕಟಿಸಲಾಯಿತು. ದತ್ತಾಂಶವನ್ನು ಸಾಧನದಲ್ಲೇ ಉಳಿಸಿ ಮಾದರಿಯ ತಿದ್ದುಪಡಿಗಳನ್ನಷ್ಟೇ ಕೇಂದ್ರಕ್ಕೆ ಕಳಿಸುವ ಫೆಡರೇಟೆಡ್ ಲರ್ನಿಂಗ್ ಕೂಡ ಬಳಕೆಯಲ್ಲಿದೆ. ಆದರೆ ಆ ತಿದ್ದುಪಡಿಗಳಿಂದಲೂ ಮೂಲ ದತ್ತಾಂಶವನ್ನು ಮರಳಿ ಕಟ್ಟಬಹುದೆಂದು 2019ರಲ್ಲಿ ಎಂಐಟಿಯ ಸಂಶೋಧಕರು ತೋರಿಸಿರುವುದರಿಂದ, ಈ ಹೆಸರು ಹೇಳಿದ ಮಾತ್ರಕ್ಕೆ ಒಂದು ಉತ್ಪನ್ನ ಸುರಕ್ಷಿತವೆಂದು ಒಪ್ಪಬಾರದು.

ಕಾನೂನಿನ ಬಲ ನಮಗಿಲ್ಲವೆಂದಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ದೃಢೀಕೃತ ಸಮ್ಮತಿಯನ್ನು ಕಡ್ಡಾಯಗೊಳಿಸಿ, ಅವರ ವರ್ತನೆಯ ನಿಗಾವಣೆಯನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ನಿಷೇಧಿಸಿದೆ. ಆದರೆ 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ ತಮ್ಮ ಶೈಕ್ಷಣಿಕ ಚಟುವಟಿಕೆ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ವಿನಾಯಿತಿ ನೀಡಿವೆ. ಶಿಕ್ಷಕರಿಗೆ ಹಾಜರಿ ತೆಗೆದುಕೊಳ್ಳುವ, ಅಂಕ ದಾಖಲಿಸುವ ಸ್ವಾತಂತ್ರ್ಯ ಇರಬೇಕಾದದ್ದು ಸರಿಯೇ. ಶಾಲೆಯೊಂದಿಗೆ ಒಪ್ಪಂದ ಮಾಡಿಕೊಂಡ ಖಾಸಗಿ ಆ್ಯಪ್ ಮಗುವಿನ ಪ್ರತಿ ಸ್ಪರ್ಶವನ್ನು ದಾಖಲಿಸುವುದೂ ಶೈಕ್ಷಣಿಕ ಚಟುವಟಿಕೆ ಎನಿಸುತ್ತದೆಯೇ ಇಲ್ಲವೇ ಎಂಬುದನ್ನು ಯಾರಾದರೂ ಸ್ಪಷ್ಟಪಡಿಸಲೇಬೇಕು.

ಪೋಷಕರನ್ನು ಕೇಳದೆ ಮುಂದುವರಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆ ಇದೆ. ನ್ಯೂಯಾರ್ಕ್ ಸೇರಿದಂತೆ ಅಮೆರಿಕದ ಹಲವು ರಾಜ್ಯಗಳ ವಿದ್ಯಾರ್ಥಿ ದತ್ತಾಂಶವನ್ನು ಒಂದೆಡೆ ಸೇರಿಸಲು 10 ಕೋಟಿ ಡಾಲರ್ ನೆರವಿನೊಂದಿಗೆ 2013ರಲ್ಲಿ ಆರಂಭವಾದ ಇನ್‌ಬ್ಲೂಮ್ ಸಂಸ್ಥೆ ಮರುವರ್ಷವೇ ಮುಚ್ಚಿತು. ಸೋರಿಕೆ ಅದಕ್ಕೆ ಕಾರಣವಾಗಿರಲಿಲ್ಲ. ತಮ್ಮನ್ನು ಕೇಳದೆ ಮಕ್ಕಳ ಮಾಹಿತಿ ಕಲೆಹಾಕುತ್ತಿದ್ದಾರೆಂದು ಪೋಷಕರು ತಿರುಗಿಬಿದ್ದರು. ಅದರಲ್ಲಿ ಏನಾದರೂ ಒಳಿತಿದ್ದರೆ ಅದೂ ಜೊತೆಯಲ್ಲೇ ಕೊಚ್ಚಿಹೋಯಿತು.

ಆದ್ದರಿಂದ ಶಾಲಾ ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ ಇಷ್ಟು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಶಾಲೆ ಬೋಧನಾ ಆ್ಯಪ್ ಅಳವಡಿಸಿದರೂ, ಅದು ಯಾವ ಮಾಹಿತಿಯನ್ನು ಯಾವ ಪಾಠದ ಸಲುವಾಗಿ ಪಡೆಯುತ್ತದೆ, ಅದನ್ನು ಎಲ್ಲಿಡುತ್ತದೆ, ಯಾವಾಗ ಅಳಿಸುತ್ತದೆ ಎಂಬುದನ್ನು ಒಂದೇ ಪುಟದಲ್ಲಿ, ಸರಳ ಕನ್ನಡದಲ್ಲಿ ಪೋಷಕರಿಗೆ ಕೊಡುವುದನ್ನು ಕಡ್ಡಾಯ ಮಾಡಬೇಕು. ಸಾಧನದಲ್ಲೇ ಮುಗಿಯಬಹುದಾದ ಲೆಕ್ಕಾಚಾರಕ್ಕೆ ದತ್ತಾಂಶವನ್ನು ಹೊರಗೆ ಒಯ್ಯಲು ಒಪ್ಪಬಾರದು. ಸಮ್ಮತಿ ಕೊಡದ ಪೋಷಕರ ಮಗುವಿಗೆ ಅದೇ ಪಾಠ ಬೇರೆ ರೀತಿಯಲ್ಲಿ ಸಿಗುವ ವ್ಯವಸ್ಥೆ ಇರಬೇಕು. ಒಪ್ಪಂದಕ್ಕೆ ಸಹಿ ಬೀಳುವ ಮುನ್ನ ಆ್ಯಪ್ ಎಲ್ಲೆಲ್ಲಿಗೆ ಮಾಹಿತಿ ಕಳಿಸುತ್ತದೆಂದು ಪರೀಕ್ಷಿಸುವುದು ನಮ್ಮ ವಿಷಯದ ಅಂತಿಮ ವರ್ಷದ ವಿದ್ಯಾರ್ಥಿಗಳೂ ಮಾಡಬಲ್ಲ ಕೆಲಸ; ಪ್ರತಿ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜಿಗೆ ಇದನ್ನು ಒಪ್ಪಿಸಬಹುದು. ಹೊಸ ಶೈಕ್ಷಣಿಕ ವರ್ಷದ ಒಪ್ಪಂದಗಳು ಜೂನ್‌ಗೆ ಮುನ್ನವೇ ಅಂತಿಮಗೊಳ್ಳುವುದರಿಂದ ಈ ಕುರಿತ ಸುತ್ತೋಲೆ ಅದಕ್ಕೂ ಮೊದಲೇ ಹೊರಡಬೇಕು. ಪರಿಶೀಲನೆಗೆ ಇಲಾಖೆ ಕರೆದರೆ ನಾನೂ ನನ್ನ ಸಹೋದ್ಯೋಗಿಗಳೂ ಸಂಭಾವನೆ ಇಲ್ಲದೆ ಬರಲು ಸಿದ್ಧರಿದ್ದೇವೆ.

ಇತಿ,
ಕಂಪ್ಯೂಟರ್ ವಿಜ್ಞಾನ ಅಧ್ಯಾಪಕಿ,
ಹಾಸನ