ಸುಧಾಳ ಜಾತಕದ ಕುಜ

ಮಾಟುಂಗಾ, ಮುಂಬಯಿ
ಮಂಗಳವಾರ

ತೀರ್ಥರೂಪ ಅಪ್ಪಯ್ಯನವರಿಗೆ ಗಿರೀಶನ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ.

ನಿಮ್ಮ ಪತ್ರ ತಲುಪಿತು. ಕೋಟದ ಸಂಬಂಧವೂ ಜಾತಕದಲ್ಲೇ ಮುರಿಯಿತೆಂದು ಓದಿ ರಾತ್ರಿ ನಿದ್ರೆ ಬರಲಿಲ್ಲ. ಎಂಟನೆಯ ಮನೆಯಲ್ಲಿ ಕುಜ, ಗಂಡನ ಆಯುಷ್ಯಕ್ಕೆ ಕೇಡು ಎಂದರಂತೆ. ಅದಕ್ಕೆ ಸುಧಾಳಿಗೆ ಕುಂಭ ವಿವಾಹ ಮಾಡಿಸುತ್ತೇನೆಂದು ಬರೆದಿದ್ದೀರಿ. ಎದುರಾಡುತ್ತಾನೆಂದು ಸಿಟ್ಟಾಗಬೇಡಿ, ನನಗೆ ಒಪ್ಪಿಗೆಯಿಲ್ಲ. ನನ್ನ ತಂಗಿಯನ್ನು ಮಡಕೆಗೆ ಧಾರೆಯೆರೆಯುವುದನ್ನು ನಾನು ನೋಡಲಾರೆ.

ಆ ಕುಜನನ್ನು, ಅದೇ ಮಂಗಳ ಗ್ರಹವನ್ನು, ಕಣ್ಣಾರೆ ಕಂಡಿದ್ದೇನೆ ಅಪ್ಪಯ್ಯ. 2025ರ ಜನವರಿಯಲ್ಲಿ ಅವನು ಭೂಮಿಗೆ ಸಮೀಪ ಬಂದಾಗ ನಮ್ಮ ಕಟ್ಟಡದ ತಾರಸಿಯಲ್ಲಿ ಕಾಲೇಜು ಹುಡುಗರು ದೂರದರ್ಶಕ ಇಟ್ಟಿದ್ದರು. ಕೇಸರಿ ಬಣ್ಣದ ಪುಟ್ಟ ಬಿಲ್ಲೆ, ನಿಂತಲ್ಲೇ ನಡುಗುತ್ತಿತ್ತು. ಅಂಚಿನಲ್ಲಿ ಬಿಳಿ ಚುಕ್ಕೆ, ಉತ್ತರ ಧ್ರುವದ ಹಿಮವಂತೆ. ಸಮೀಪವೆಂದರೂ ನಡುವೆ 9.6 ಕೋಟಿ ಕಿಲೋಮೀಟರ್! ಆಮೇಲೆ ವರ್ಲಿಯ ನೆಹರೂ ತಾರಾಲಯಕ್ಕೂ ಹೋದೆ, ಸಿಕ್ಕಿದ್ದೆಲ್ಲ ಓದಿದೆ. ಅಲ್ಲಿಯ ಮಣ್ಣಿನ ಕಬ್ಬಿಣ ತುಕ್ಕು ಹಿಡಿದಿದೆ. ನಮ್ಮ ಮುರಕಲ್ಲು ಯಾಕೆ ಕೆಂಪೋ ಅದಕ್ಕೇ ಅವನೂ ಕೆಂಪು. ಅಡ್ಡಳತೆ ಸುಮಾರು 6,780 ಕಿ.ಮೀ., ಭೂಮಿಯ ಅರ್ಧ. ತೂಕ ಹತ್ತರಲ್ಲೊಂದು ಪಾಲು. ಗಾಳಿಯ ಒತ್ತಡ ನಮ್ಮದರ ನೂರರಲ್ಲೊಂದು ಪಾಲೂ ಇಲ್ಲ. ಸರಾಸರಿ ಸೊನ್ನೆಗಿಂತ 60 ಡಿಗ್ರಿ ಕೆಳಗಿನ ಚಳಿ. ಒಂದು ಕಾಲಕ್ಕೆ ನೀರು ಹರಿದು ಬತ್ತಿದ ಹೊಳೆಗಳ ಜಾಡು ಇನ್ನೂ ಇದೆ. ಉಸಿರಾಡುವ ಜೀವವೊಂದೂ ಕಾಣದ ಆ ಬಂಡೆನೆಲಕ್ಕೆ ನಮ್ಮ ಸುಧಾಳ ಮೇಲೆ ಯಾವ ಹಗೆ?

ಮಂಗಳಯಾನ 2013ರ ನವೆಂಬರ್ 5ರಂದು ಹಾರಿದ್ದು ಮಂಗಳವಾರವೇ. ಮರುವರ್ಷ ಅದು ಕಕ್ಷೆ ಸೇರಿದಾಗ, ಬೆಂಗಳೂರಿನಲ್ಲಿ ರೇಷ್ಮೆ ಸೀರೆ ಉಟ್ಟು ನಗುತ್ತಿದ್ದ ಹೆಂಗಸರ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಸುಧಾಳಿಗೆ ಕೊಟ್ಟವರು ನೀವೇ.

ಇಲ್ಲಿಯ ಜನರನ್ನು ನೋಡಬೇಕು. ಸಂಕಷ್ಟಿ ಮಂಗಳವಾರ ಬಂದರೆ ಅಂಗಾರಕಿ. ಪ್ರಭಾದೇವಿಯ ಸಿದ್ಧಿವಿನಾಯಕನ ಮುಂದೆ ಹಿಂದಿನ ರಾತ್ರಿಯಿಂದಲೇ ಸಾಲು. ಕುಜನ ವಾರ ಇವರಿಗೆ ಅಷ್ಟು ಶುಭ.

ಶಾಂತಿಗೆಂದು ಕೇಳಿದ ಹಣವನ್ನು ಸುಧಾಳ ಖಾತೆಗೇ ಹಾಕಿದ್ದೇನೆ, ಬಿ.ಎಡ್. ಶುಲ್ಕಕ್ಕೆ. ಜಾತಕ ಕೇಳದ ನಮ್ಮವರ ಮನೆಗಳು ಇಲ್ಲಿಯೂ ಇವೆ, ವಿಚಾರಿಸುತ್ತಿದ್ದೇನೆ. ಅವಳೆದುರು ಮಾತ್ರ ಆ ಮಾತು ಎತ್ತಬೇಡಿ.

ನನ್ನ ಚಿಂತೆ ಖಂಡಿತ ಬೇಡ. ಕೆಮ್ಮು ಪೂರ್ತಿ ಹೋಗಿದೆ, ಊಟ ಚೆನ್ನಾಗಿದೆ, ನಿದ್ರೆ ಚೆನ್ನಾಗಿದೆ, ಕೆಲಸ ಭದ್ರವಾಗಿದೆ, ಸಾಲವೇನೂ ಇಲ್ಲ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಅಮ್ಮನಿಗೆ ಬೇರೆ ಬರೆಯುತ್ತೇನೆ. ಲೋಕಲ್‌ಗೆ ಹೊತ್ತಾಯಿತು.

ಇಂತಿ,
ಗಿರೀಶ