ಫಲಕ ಓದುವ ಸರದಿ

ಅಪ್ಪನಿಗೆ ಪಾರ್ಶ್ವವಾಯು ಬಡಿದು ಇವತ್ತಿಗೆ ಒಂದು ವರ್ಷ ನಾಲ್ಕು ದಿನ. ವರ್ಷ ತುಂಬಿದ ಸಂಜೆಯೇ ಇದನ್ನು ಬರೆಯಲು ಕುಳಿತಿದ್ದೆ, ಆಗಲಿಲ್ಲ. ನಮ್ಮ ಕೈ ಹಿಡಿದವರು ಬಹಳ ಜನ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳಲು ಹೋದರೆ ಯಾರಾದರೊಬ್ಬರು ಬಿಟ್ಟುಹೋಗುತ್ತಾರೆಂಬ ಭಯ. ಆದ್ದರಿಂದ ಎಲ್ಲರ ಎದುರಿಗೆ ಇಲ್ಲಿಯೇ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಒಂದು ಬೆಳಿಗ್ಗೆ ಅಪ್ಪನಿಗೆ ಬಲಗೈ ಎತ್ತಲಾಗಲಿಲ್ಲ. ಬಾಯಿ ಒಂದು ಕಡೆಗೆ ವಾಲಿತ್ತು. ಅಮ್ಮ ಕರೆದರೆ ಉತ್ತರವಿಲ್ಲ. ಮೆದುಳಿನ ಎಡಭಾಗದ ರಕ್ತನಾಳವೊಂದು ಕಟ್ಟಿಕೊಂಡಿತ್ತು. ಹೆಚ್ಚಿನವರಲ್ಲಿ ಮಾತನ್ನು ನಡೆಸುವುದು ಆ ಭಾಗವೇ. ಪ್ರಾಣಾಪಾಯ ಕಳೆಯಿತು, ಕಾಲಿಗೆ ಸ್ವಲ್ಪ ಸ್ವಲ್ಪ ಬಲವೂ ಬಂತು, ಮಾತು ಮಾತ್ರ ಬರಲಿಲ್ಲ. ಇದಕ್ಕೆ ಅಫೇಸಿಯಾ ಎನ್ನುತ್ತಾರೆ ಎಂಬುದು ನಮಗೆ ಆಗ ತಿಳಿಯಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿದ ಮನುಷ್ಯ, ನೀರು ಕೇಳಲು ಪದ ಹುಡುಕುತ್ತಾ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ದಾದಿಯರು ಅಪ್ಪನ ಮಗ್ಗುಲು ಬದಲಿಸುವಾಗಲೆಲ್ಲ ಹೆಸರು ಹಿಡಿದು ಮಾತನಾಡಿಸಿಯೇ ಬದಲಿಸುತ್ತಿದ್ದರು. ಉತ್ತರ ಬಾರದೆಂದು ಗೊತ್ತಿದ್ದೂ ಮಾತನಾಡಿಸುತ್ತಿದ್ದರು. ಅವರಿಗೆ ನಮ್ಮ ನಮಸ್ಕಾರ. ಪಕ್ಕದ ಮನೆಯವರು ಎರಡು ತಿಂಗಳು ಒಂದು ದಿನವೂ ತಪ್ಪದೆ ಮಧ್ಯಾಹ್ನ ಅಪ್ಪನ ಬಳಿ ಕುಳಿತು ಅಮ್ಮನಿಗೆ ಒಂದು ಗಂಟೆ ನಿದ್ದೆ ಕೊಟ್ಟರು. ಆ ಋಣ ತೀರುವಂಥದ್ದಲ್ಲ. ನನ್ನ ಸಹೋದ್ಯೋಗಿಗಳು ನನ್ನ ಪಾಲಿನ ಕೆಲಸವನ್ನು ಸದ್ದಿಲ್ಲದೆ ಹಂಚಿಕೊಂಡರು. ಯಾವ ಕೆಲಸವನ್ನು ಯಾರು ಮಾಡಿದರೆಂಬುದು ನನಗೆ ಈಗಲೂ ಪೂರ್ತಿ ತಿಳಿದಿಲ್ಲ.

ಸ್ಪೀಚ್ ಥೆರಪಿಸ್ಟ್ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಮೊದಲ ದಿನವೇ ಅವರು ನಮ್ಮೆಲ್ಲರನ್ನೂ ಕೂರಿಸಿ ಹೇಳಿದ್ದು ಇದು: ಅವರ ಬುದ್ಧಿ ಎಲ್ಲಿಗೂ ಹೋಗಿಲ್ಲ, ಪದದ ದಾರಿ ಮಾತ್ರ ಕಟ್ಟಿದೆ. ಗಟ್ಟಿಯಾಗಿ ಕೂಗಬೇಡಿ, ಕಿವಿ ಚೆನ್ನಾಗಿದೆ. ಒಂದು ಸಲಕ್ಕೆ ಒಂದೇ ವಾಕ್ಯ ಹೇಳಿ, ಹೇಳಿ ಸುಮ್ಮನಿರಿ. ಪದಕ್ಕಾಗಿ ಅವರು ತಡಕಾಡುವಾಗ ನೀವು ಬಾಯಿ ಹಾಕಿ ಮುಗಿಸಬೇಡಿ. ಕೊನೆಯದು ಎಲ್ಲಕ್ಕಿಂತ ಕಷ್ಟವಾಗಿತ್ತು. ನೋಡಲು ಬಂದವರೊಬ್ಬರು ಅಪ್ಪನ ಎದುರಿಗೇ ನನ್ನತ್ತ ತಿರುಗಿ, ‘ಇವರಿಗೆ ಏನಾದರೂ ಅರ್ಥವಾಗುತ್ತದೆಯೇ?’ ಎಂದು ಕೇಳಿದ್ದರು. ಅಪ್ಪ ಗೋಡೆಯತ್ತ ಮುಖ ತಿರುಗಿಸಿದರು. ಆಮೇಲೆ ಯಾರು ಬಂದರೂ ಹಾಗೆಯೇ ಮಾಡತೊಡಗಿದರು. ಟಿವಿ ಹಾಕಿದರೂ ಅಷ್ಟೇ. ಅಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಮಾತನಾಡುತ್ತಿದ್ದರು; ಒಂದು ಮಾತು ಒಳಗೆ ಇಳಿಯುವಷ್ಟರಲ್ಲಿ ಹತ್ತು ಮಾತು ದಾಟಿ ಹೋಗಿರುತ್ತಿದ್ದವು.

ಮೂಕಿ ಚಿತ್ರಗಳ ನೆನಪು ತೆಗೆದವಳು ಅಕ್ಕ.

ನಾವು ಚಿಕ್ಕವರಿದ್ದಾಗ ರಜೆಯಲ್ಲಿ ಅಪ್ಪ ಶಾಲೆಯ 16 ಎಂಎಂ ಪ್ರೊಜೆಕ್ಟರನ್ನು ಮನೆಗೆ ತರುತ್ತಿದ್ದರು. ಎಲ್ಲಿಂದಲೋ ಎರವಲು ತಂದ ರೀಲುಗಳು, ಗೋಡೆಗೆ ಮೊಳೆ ಹೊಡೆದು ಬಿಗಿದ ಬಿಳಿ ಹೊದಿಕೆ. ಹೊದಿಕೆಯ ನಡುವೆ ಅಮ್ಮ ಹಾಕಿದ ಹೊಲಿಗೆಯೊಂದಿತ್ತು. ಚಾಪ್ಲಿನ್ ಎಡದಿಂದ ಬಲಕ್ಕೆ ನಡೆದು ಹೋದರೆ ಆ ಹೊಲಿಗೆಯ ಬಳಿ ಅರೆಗಳಿಗೆ ಎರಡು ಭಾಗವಾಗಿ ಮತ್ತೆ ಒಂದಾಗುತ್ತಿದ್ದ. ಬಲ್ಬಿನ ಕಾವಿಗೆ ಸುಟ್ಟ ಧೂಳಿನ ವಾಸನೆ, ರೀಲು ತಿರುಗುವ ಕಟಕಟ ಸದ್ದು, ಅದರ ಮೇಲೆ ಅಪ್ಪನ ದನಿ. ನಡುನಡುವೆ ಬರುವ ಇಂಗ್ಲಿಷ್ ಬರಹದ ಫಲಕಗಳನ್ನು ನಮಗೆ ಓದಲು ಬರುತ್ತಿರಲಿಲ್ಲ. ಅಪ್ಪನೇ ಅವನ್ನು ಅಲ್ಲಿಂದಲ್ಲಿಗೆ ಕನ್ನಡ ಮಾಡಿ ಹೇಳುತ್ತಿದ್ದರು. ಒಂದು ಸಾಲಿಗೆ ಮೂರು ಸಾಲು ಸೇರಿಸಿ, ಪೊಲೀಸನಿಗೆ ಒಂದು ದನಿ, ಹುಡುಗಿಗೆ ಒಂದು ದನಿ. ಜಪಾನಿನ ಚಿತ್ರಮಂದಿರಗಳಲ್ಲಿ ಮೂಕಿ ಚಿತ್ರಗಳಿಗೆ ಹೀಗೆ ಪಕ್ಕದಲ್ಲಿ ನಿಂತು ಕಥೆ ಹೇಳುವ ‘ಬೆನ್ಶಿ’ಗಳಿದ್ದರೆಂದೂ ಅವರನ್ನು ಕೇಳಲೆಂದೇ ಜನ ಬರುತ್ತಿದ್ದರೆಂದೂ ದೊಡ್ಡವನಾದ ಮೇಲೆ ಓದಿದೆ. ಓದಿದಾಗ ಕಣ್ಣ ಮುಂದೆ ಬಂದದ್ದು ಅಪ್ಪ.

ಅಕ್ಕ ಫೋನಿನಲ್ಲಿ, ‘ಮಾತೇ ಇಲ್ಲದ ಸಿನಿಮಾ ಹಾಕಿ ನೋಡು’ ಎಂದಳು. ಮರುದಿನವೇ ಗೆಳೆಯನೊಬ್ಬ ತನ್ನ ಸಂಗ್ರಹದ ಹಾರ್ಡ್ ಡಿಸ್ಕನ್ನೇ ತಂದು ಕೈಗಿಟ್ಟು ಹೋದ. ಗೆಳೆಯಾ, ವರ್ಷವಾಗುತ್ತಾ ಬಂದರೂ ಅದನ್ನು ಹಿಂತಿರುಗಿಸಿಲ್ಲ, ನೀನೂ ಕೇಳಲಿಲ್ಲ. ಅದಕ್ಕೂ ಸೇರಿಸಿ ಧನ್ಯವಾದ.

ಹೀಗೆ ಫಲಕ ಓದುವ ಸರದಿ ನನ್ನದಾಯಿತು. ಥೆರಪಿಸ್ಟ್ ಹೇಳಿದ್ದೆಲ್ಲ ಆ ಚಿತ್ರಗಳಲ್ಲಿ ತಾನಾಗಿಯೇ ಇತ್ತು: ಒಂದು ಸಲಕ್ಕೆ ಒಂದು ವಾಕ್ಯ, ಅದರ ಹಿಂದೆ ಮುಂದೆ ಮೌನ, ನಿಧಾನವಾಗಿ ಓದುವವನಿಗೂ ಸಾಕಾಗುವಷ್ಟು ಹೊತ್ತು. ಅಪ್ಪ ಗೋಡೆಯಿಂದ ಇತ್ತ ತಿರುಗಿದರು.

ಮೊದಲ ನಗು ಬಂದದ್ದು ಲಾರೆಲ್ ಮತ್ತು ಹಾರ್ಡಿ ಎಂಬ ಹಾಸ್ಯಜೋಡಿಯಿಂದ. 1932ರ ‘ದಿ ಮ್ಯೂಸಿಕ್ ಬಾಕ್ಸ್’ ಮೂಕಿ ಚಿತ್ರವಲ್ಲ, ಆದರೂ ಅದಕ್ಕೆ ಮಾತು ಹೆಚ್ಚು ಬೇಕಿಲ್ಲ. ಇಬ್ಬರೂ ಸೇರಿ ಒಂದು ಪಿಯಾನೋವನ್ನು ಎತ್ತರದ ಮೆಟ್ಟಿಲ ಸಾಲಿನ ಮೇಲೆ ಸಾಗಿಸಬೇಕು. ಹತ್ತಿಸುತ್ತಾರೆ, ಜಾರುತ್ತದೆ, ಧಡಧಡನೆ ಕೆಳಗೆ ಹೋಗಿ ಬೀಳುತ್ತದೆ. ಮತ್ತೆ ಹತ್ತಿಸುತ್ತಾರೆ. ಕೊನೆಗೂ ಮೇಲೆ ಮುಟ್ಟಿಸಿದಾಗ ಅಂಚೆಯವನೊಬ್ಬ, ಸುತ್ತು ಬಳಸಿ ಮನೆಯ ಮುಂದಕ್ಕೇ ರಸ್ತೆಯಿದೆಯಲ್ಲ ಎನ್ನುತ್ತಾನೆ. ಆಗ ಅವರು ಮಾಡುವುದೇನು? ಹತ್ತಿಸಿದ ಪಿಯಾನೋವನ್ನು ಮತ್ತೆ ಹೊತ್ತು ಕೆಳಗಿಳಿಸುತ್ತಾರೆ, ರಸ್ತೆಯಲ್ಲಿ ಗಾಡಿಯ ಮೇಲೆ ತರಲೆಂದು. ಅಪ್ಪನ ಎದೆಯಿಂದ ಒಂದು ಸದ್ದು ಹೊರಟಿತು. ಕೆಮ್ಮೆಂದುಕೊಂಡು ಅಮ್ಮ ನೀರು ತಂದರು. ಕೆಮ್ಮಲ್ಲ, ನಗು. ಬಾಯಿ ಅರ್ಧವೇ ತೆರೆದಿತ್ತು, ಕಣ್ಣಲ್ಲಿ ನೀರಿತ್ತು, ಹೊಟ್ಟೆ ಕುಲುಕುತ್ತಿತ್ತು. ಅಮ್ಮ ನೀರಿನ ಲೋಟ ಹಿಡಿದುಕೊಂಡೇ ಅಲ್ಲಿಯೇ ಕುಳಿತುಬಿಟ್ಟರು.

ಮರುದಿನ ಬೆಳಿಗ್ಗೆ ಫಿಸಿಯೋಥೆರಪಿಸ್ಟ್ ಮೂರು ಮೆಟ್ಟಿಲು ಹತ್ತಿಸಿ ಇಳಿಸಿ, ಮತ್ತೆ ಹತ್ತಿ ಎಂದಾಗ, ಅಪ್ಪ ನನ್ನ ಕಡೆ ನೋಡಿ ಎಡಗೈಯ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿದರು, ಪಿಯಾನೋ ನುಡಿಸುವವರಂತೆ. ಆ ದಿನದಿಂದ ಆ ವ್ಯಾಯಾಮಕ್ಕೆ ಮನೆಯಲ್ಲಿ ‘ಪಿಯಾನೋ’ ಎಂದೇ ಹೆಸರು. ಆ ಫಿಸಿಯೋಥೆರಪಿಸ್ಟ್ ಆಮೇಲೆ ತಾವೂ ಆ ಚಿತ್ರವನ್ನು ನೋಡಿ ಬಂದರು. ರೋಗಿಯ ನಗುವನ್ನು ಅರ್ಥ ಮಾಡಿಕೊಳ್ಳಲೆಂದು ಸಮಯ ಕೊಟ್ಟ ಅವರಿಗೆ ಏನು ಹೇಳಿದರೂ ಕಡಿಮೆಯೇ.

ಆಲಿವರ್ ಹಾರ್ಡಿಗೂ 1956ರಲ್ಲಿ ಪಾರ್ಶ್ವವಾಯು ಬಡಿದು ಮಾತು ಹೋಗಿತ್ತು. ಮರುವರ್ಷ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಸ್ಟ್ಯಾನ್ ಲಾರೆಲ್ ಆಮೇಲೆ ನಟಿಸಲೇ ಇಲ್ಲ. ಆದರೆ ಮನೆಯಲ್ಲಿ ಕುಳಿತು ತಮ್ಮಿಬ್ಬರಿಗೂ ಹೊಸ ಹೊಸ ಹಾಸ್ಯದೃಶ್ಯಗಳನ್ನು ಬರೆಯುತ್ತಲೇ ಇದ್ದರು. ಇದನ್ನು ಅಪ್ಪನಿಗೆ ಹೇಳಬೇಕೋ ಬೇಡವೋ ಎಂದು ವಾರಗಟ್ಟಲೆ ತೊಳಲಾಡಿದೆ. ಮುಚ್ಚಿಡುವುದು ಅಪ್ಪನನ್ನು ಮಗುವಿನಂತೆ ಕಂಡ ಹಾಗಾಗುತ್ತದೆ ಅನ್ನಿಸಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಮತ್ತೆ ಪಿಯಾನೋ ಚಿತ್ರವನ್ನೇ ಹಾಕುವಂತೆ ಸನ್ನೆ ಮಾಡಿದರು. ಅಂದು ಅವರು ನಗಲಿಲ್ಲ, ಆದರೆ ಕಣ್ಣು ಕೀಳದೆ ಹಾರ್ಡಿಯನ್ನೇ ನೋಡಿದರು.

ಮೂಕಿ ಕಾಲದ ಹಾಸ್ಯನಟ ಬಸ್ಟರ್ ಕೀಟನ್‌ರಿಂದ ನಮಗಾದ ಉಪಕಾರ ಬೇರೆ ಬಗೆಯದು. ಅಪ್ಪನ ಮುಖದ ಅರ್ಧಭಾಗ ಅಲುಗುತ್ತಿರಲಿಲ್ಲ. ಅವರಿಗೆ ಸಿಟ್ಟು ಬಂದಿದೆಯೋ ಬೇಸರವಾಗಿದೆಯೋ ತಿಳಿಯದೆ ಅಮ್ಮ ಹೆದರುತ್ತಿದ್ದರು. ಕೀಟನ್ ಪರದೆಯ ಮೇಲೆ ನಗುವುದೇ ಅಪರೂಪ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಬಿರುಗಾಳಿಗೆ ಮನೆಯ ಮುಂಭಾಗದ ಗೋಡೆಯಿಡೀ ಅವರ ಮೇಲೆ ಬೀಳುತ್ತದೆ, ಮೇಲಿನ ಕಿಟಕಿಯ ತೆರವು ಸರಿಯಾಗಿ ಅವರು ನಿಂತ ಜಾಗಕ್ಕೇ ಬಂದು ಪ್ರಾಣ ಉಳಿಯುತ್ತದೆ. ನಿಜವಾದ ಭಾರದ ಗೋಡೆ, ನಿಜವಾದ ಮನುಷ್ಯ, ಆಚೀಚೆ ಕೆಲವೇ ಅಂಗುಲಗಳ ಅಂತರ. ಅಷ್ಟಾದರೂ ಮುಖದಲ್ಲಿ ಗೆರೆ ಕದಲುವುದಿಲ್ಲ. ಆದರೆ ಕಣ್ಣು ನೋಡಿದರೆ ಎಲ್ಲವೂ ತಿಳಿಯುತ್ತದೆ. ನಾಲ್ಕಾರು ಚಿತ್ರ ನೋಡುವಷ್ಟರಲ್ಲಿ ಅಮ್ಮ ಅಪ್ಪನ ಬಾಯಿ ನೋಡುವುದನ್ನು ಬಿಟ್ಟು ಕಣ್ಣು ನೋಡತೊಡಗಿದರು. ಆ ಬಳಿಕ ಮನೆಯಲ್ಲಿ ತಪ್ಪು ತಿಳಿವಳಿಕೆಗಳು ಕಡಿಮೆಯಾದವು.

ಅದೇ ಕಾಲದ ಇನ್ನೊಬ್ಬ ಹಾಸ್ಯನಟ ಹೆರಾಲ್ಡ್ ಲಾಯ್ಡ್ 1923ರ ‘ಸೇಫ್ಟಿ ಲಾಸ್ಟ್’ನಲ್ಲಿ ಗಡಿಯಾರದ ಮುಳ್ಳಿಗೆ ಜೋತುಬಿದ್ದ ಚಿತ್ರ ಎಲ್ಲರಿಗೂ ಗೊತ್ತು. ಆ ಬಲಗೈಯಲ್ಲಿ ಹೆಬ್ಬೆರಳೂ ತೋರುಬೆರಳೂ ಇರಲಿಲ್ಲ. 1919ರಲ್ಲಿ, ನಕಲಿ ಎಂದುಕೊಂಡಿದ್ದ ಬಾಂಬು ಕೈಯಲ್ಲೇ ಸಿಡಿದು ಹೋಗಿದ್ದವು. ಕೃತಕ ಬೆರಳುಗಳಿದ್ದ ಕೈಗವಸು ತೊಟ್ಟು ಅವರು ನಟಿಸುತ್ತಿದ್ದರು. ಇದನ್ನು ತಿಳಿದ ಮೇಲೆ ಅಪ್ಪ ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು. ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಳ್ಳಲು ಹಟ ಹಿಡಿದದ್ದು ಆ ವಾರವೇ.

ಐದನೆಯ ತಿಂಗಳಲ್ಲಿ ಮಾತು ಹೊರಟಿತು, ಆದರೆ ಅರ್ಥವಿಲ್ಲದ ಮಾತು. ಸದ್ದುಗಳೆಲ್ಲ ಕನ್ನಡದವೇ, ಪದ ಮಾತ್ರ ಯಾವುದೂ ಅಲ್ಲ. ತಾವು ಆಡುತ್ತಿರುವುದು ಸರಿಯಿಲ್ಲವೆಂದು ಅವರಿಗೇ ತಿಳಿಯುತ್ತಿತ್ತು, ಅದರಿಂದ ಸಂಕಟ ಇಮ್ಮಡಿಯಾಗುತ್ತಿತ್ತು. ಆ ದಿನಗಳಲ್ಲಿ 1936ರ ‘ಮಾಡರ್ನ್ ಟೈಮ್ಸ್’ ಹಾಕಿದೆ. ಅದರಲ್ಲಿ ಚಾಪ್ಲಿನ್ ಹೋಟೆಲಿನಲ್ಲಿ ಹಾಡಬೇಕು. ಹಾಡು ನೆನಪಿಗೆ ನಿಲ್ಲದೆ ಅಂಗಿಯ ತೋಳಪಟ್ಟಿಯ ಮೇಲೆ ಬರೆಸಿಕೊಂಡಿರುತ್ತಾನೆ. ಕುಣಿಯುತ್ತಾ ಕೈ ಬೀಸಿದ ರಭಸಕ್ಕೆ ಪಟ್ಟಿಗಳೇ ಹಾರಿಹೋಗುತ್ತವೆ. ಹುಡುಗಿ ಮರೆಯಿಂದ ಕೂಗುತ್ತಾಳೆ. ಆ ಫಲಕವನ್ನು ಅಪ್ಪ ಹಿಂದೆ ಓದುತ್ತಿದ್ದ ರೀತಿಯಲ್ಲೇ ಓದಿದೆ: ‘ಹಾಡು, ಪದ ಹೋದರೆ ಹೋಗಲಿ!’ ಅವನು ಯಾವ ಭಾಷೆಯೂ ಅಲ್ಲದ ಭಾಷೆಯಲ್ಲಿ ಹಾಡುತ್ತಾನೆ. ಒಂದು ಪದಕ್ಕೂ ಅರ್ಥವಿಲ್ಲ, ಕಥೆ ಮಾತ್ರ ಕೈಯಲ್ಲಿ, ಹುಬ್ಬಿನಲ್ಲಿ ಎಲ್ಲರಿಗೂ ತಿಳಿಯುತ್ತದೆ. ಟಾಕಿ ಬಂದು ಒಂಬತ್ತು ವರ್ಷಗಳಾಗುತ್ತಿದ್ದ ಹೊತ್ತಿನಲ್ಲಿ ಚಾಪ್ಲಿನ್‌ನ ಅಲೆಮಾರಿ ಪಾತ್ರದ ದನಿಯನ್ನು ಜಗತ್ತು ಮೊದಲ ಬಾರಿಗೆ ಕೇಳಿದ್ದು ಹಾಗೆ. ಅಪ್ಪ ಆ ಹಾಡನ್ನು ಮೂರು ಸಲ ಹಾಕಿಸಿದರು. ಮೂರನೆಯ ಸಲ ತಾವೂ ಅವನ ಜೊತೆ ಗುನುಗಿದರು.

ಇದನ್ನು ಹೇಳಿದಾಗ ಥೆರಪಿಸ್ಟ್ ಕುರ್ಚಿಯಿಂದ ಎದ್ದೇಬಿಟ್ಟರು. ಮಾತು ಬಾರದವರಿಗೂ ಎಷ್ಟೋ ಸಲ ಹಾಡಲು ಬರುತ್ತದೆಯಂತೆ. ಅಂದಿನಿಂದ ಬೇಕಾದ ಮಾತುಗಳನ್ನು ರಾಗ ಎಳೆದು, ಒಂದೊಂದು ಅಕ್ಷರಕ್ಕೂ ಎಡಗೈಯಿಂದ ಮೇಜು ತಟ್ಟುತ್ತಾ ಹೇಳಿಸಿದರು. ‘ನೀ-ರು ಬೇ-ಕು.’ ಅದು ಬಂತು. ‘ಸಾ-ಕು’ ಬಂತು. ಅಮ್ಮನ ಹೆಸರು ಬರಲು ಇನ್ನೂ ಒಂದು ತಿಂಗಳು ಹಿಡಿಯಿತು.

ಈ ಚಿತ್ರಗಳನ್ನು ಉಳಿಸಿಕೊಟ್ಟವರಿಗೂ ನಾನು ಋಣಿ. ಅವರು ನಮ್ಮನ್ನು ಕಾಣರು, ನಾವು ಅವರನ್ನು ಕಂಡಿಲ್ಲ. ಅಮೆರಿಕದ ಮೂಕಿ ಕಥಾಚಿತ್ರಗಳಲ್ಲಿ ಶೇಕಡ 70ರಷ್ಟು ಕಳೆದೇ ಹೋಗಿವೆ. ಬೇಗ ಬೆಂಕಿ ಹತ್ತುವ ನೈಟ್ರೇಟ್ ಫಿಲ್ಮು. ಟಾಕಿ ಬಂದ ಮೇಲೆ ಇವಕ್ಕೆ ಬೆಲೆಯಿಲ್ಲವೆಂದು ಎಸೆದವರೂ ಇದ್ದರು, ಫಿಲ್ಮಿನಲ್ಲಿದ್ದ ಬೆಳ್ಳಿ ತೆಗೆಯಲು ಕರಗಿಸಿದವರೂ ಇದ್ದರು. ಇಟಲಿಯ ಬೊಲೊನ್ಯದಂತಹ ಕಡೆ ಚಾಪ್ಲಿನ್ ಮತ್ತು ಕೀಟನ್ ಚಿತ್ರಗಳ ಹಳೆಯ ಪ್ರತಿಗಳನ್ನು ಕಲೆಹಾಕಿ ಒಂದೊಂದು ಚೌಕವನ್ನೂ (ಫ್ರೇಮ್) ತೊಳೆದು, ಜೋಡಿಸಿ, ಸರಿಯಾದ ವೇಗಕ್ಕೆ ತಂದಿದ್ದಾರೆ. ವೇಗದ ಮಾತು ಸಣ್ಣದಲ್ಲ. ನಿಧಾನವಾಗಿ ತೆಗೆದ ಚಿತ್ರವನ್ನು ಟಾಕಿಯ ವೇಗದಲ್ಲಿ, ಅಂದರೆ ಸೆಕೆಂಡಿಗೆ 24 ಚೌಕಗಳಂತೆ ಓಡಿಸಿದ್ದರಿಂದಲೇ ಎಷ್ಟೋ ಹಳೆಯ ಪ್ರತಿಗಳಲ್ಲಿ ಜನ ಇರುವೆಗಳಂತೆ ಓಡಾಡುತ್ತಿದ್ದುದು. ಹಾಗೆಯೇ ಇದ್ದಿದ್ದರೆ ಅಪ್ಪನಿಗೆ ಹಿಡಿಯಲು ಆಗುತ್ತಿರಲಿಲ್ಲ.

ಇನ್ನು ವರ್ಷ ತುಂಬಿದ ಆ ಸಂಜೆ. ಅಕ್ಕ ಬಂದಿದ್ದಳು. ಅಪ್ಪ ಆರಿಸಿದ್ದು 1931ರ ‘ಸಿಟಿ ಲೈಟ್ಸ್’. ಕುರುಡಿ ಹೂವಿನ ಹುಡುಗಿ ಅಲೆಮಾರಿಯನ್ನು ಸಿರಿವಂತನೆಂದು ತಿಳಿದಿರುತ್ತಾಳೆ. ಅವನು ತಂದುಕೊಟ್ಟ ಹಣದಿಂದ ಅವಳಿಗೆ ಕಣ್ಣು ಬರುತ್ತದೆ, ಅವನು ಜೈಲಿಗೆ ಹೋಗುತ್ತಾನೆ. ಬಿಡುಗಡೆಯಾಗಿ ಹರಕು ಬಟ್ಟೆಯಲ್ಲಿ ಅವಳ ಅಂಗಡಿಯ ಮುಂದೆ ನಿಂತಾಗ ಅವಳು ಕನಿಕರದಿಂದ ಹೂವು ಮತ್ತು ನಾಣ್ಯ ಕೊಡಲು ಕೈ ಹಿಡಿಯುತ್ತಾಳೆ. ಹಿಡಿದ ಕೈ ಗುರುತು ಹೇಳುತ್ತದೆ. ಆಗ ಫಲಕದಲ್ಲಿ ಒಂದೇ ಪದ ಬರುತ್ತದೆ: ‘ಯೂ?’ ಇಂಗ್ಲಿಷಿನಲ್ಲಿ ಅದಕ್ಕೆ ಏಕವಚನ ಬಹುವಚನದ ಗೊಡವೆಯಿಲ್ಲ, ಕನ್ನಡದಲ್ಲಿ ಇದೆ. ಅಪ್ಪ ಯಾವಾಗಲೂ ‘ನೀವಾ?’ ಎಂದೇ ಓದುತ್ತಿದ್ದರು. ಪ್ರೀತಿಯಿದ್ದರೆ ‘ನೀನಾ’ ಎನ್ನಬೇಕೆಂದು ಅಕ್ಕನ ವಾದ. ಅಪ್ಪ ಒಪ್ಪುತ್ತಿರಲಿಲ್ಲ. ‘ಕುರುಡಿಯಾಗಿದ್ದಾಗ ಮರ್ಯಾದೆ ಕೊಟ್ಟವಳು ಕಣ್ಣು ಬಂದ ಮೇಲೆ ಅವನ ಬಟ್ಟೆ ನೋಡಿ ಅದನ್ನು ಕಿತ್ತುಕೊಳ್ಳುವವಳಲ್ಲ’ ಎನ್ನುತ್ತಿದ್ದರು. ಪ್ರತಿ ರಜೆಯಲ್ಲೂ ಈ ಜಗಳ ನಡೆಯುತ್ತಿತ್ತು.

ಆ ಸಂಜೆ ಫಲಕ ಬಂದಾಗ ನನ್ನ ಗಂಟಲು ಕಟ್ಟಿತ್ತು. ಯೋಚಿಸದೆಯೇ ‘ನೀನಾ?’ ಎಂದುಬಿಟ್ಟೆ.

ಅಪ್ಪ ಎಡಗೈ ಎತ್ತಿದರು. ಚಿತ್ರ ನಿಲ್ಲಿಸಿದೆ. ತುಟಿ ಅಲುಗಿತು, ‘ನೀ’ ಎಂದು ನಿಂತಿತು. ಅಕ್ಕನ ಬಾಯಿಯಲ್ಲಿ ಪದ ಬಂದು ನಿಂತಿದ್ದು ನನಗೆ ಕಾಣುತ್ತಿತ್ತು; ಅವಳು ತುಟಿ ಕಚ್ಚಿ ಹಿಡಿದಳು. ಅಮ್ಮ ಅಲುಗಾಡದೆ ಕುಳಿತಿದ್ದರು. ಅಪ್ಪನ ಬೆರಳು ಕುರ್ಚಿಯ ತೋಳನ್ನು ಎರಡು ಸಲ ತಟ್ಟಿತು.

‘ನೀ-ವಾ.’

ಹೇಳಿ, ಮುಂದೆ ಹಾಕು ಎಂದು ಕೈ ಆಡಿಸಿದರು. ಹಾಕಿದೆ. ಮುಂದಿನ ಫಲಕ ಬಂದಾಗ ಓದಲು ನನಗೆ ದನಿ ಇರಲಿಲ್ಲ. ಅಕ್ಕ ಓದಿದಳು.