ಸ್ಕ್ಯಾನ್ ಓದಿದ ಮೇಡಂಗ ನಮ್ಮನಿಯವರೆಲ್ಲರ ಶರಣು

ಅಪ್ಪಂದು ಗುಳಿಗಿ ಕೋರ್ಸ್ ಮುಗೀತ್ರಿ, ಕಡೀಕಿನ ರಕ್ತದ ರಿಪೋರ್ಟೂ ಛಲೋ ಬಂದದ, ಗೋಡಿ ಹಿಡ್ಕೊಂಡು ಏಳ್ತಿದ್ದಾವ ಈಗ ಮತ್ತ ಆಡಿನ ಹಿಂದ ಹೊಂಟಾನ. ಅದಕ್ಕ ಎಲ್ಲಾರ ಮುಂದ ಥ್ಯಾಂಕ್ಸ್ ಹೇಳಬೇಕಂತ ಬರೀಲಿಕತ್ತೀನಿ.

ನಮ್ದು ಶಹಾಪುರ ತಾಲೂಕಿನ ಹಳ್ಳಿ. ಅಪ್ಪಗ ತಿಂಗಳಾನುಗಟ್ಲೆ ಟೊಂಕ ಬ್ಯಾನಿ, ಸಂಜಿಯಾದ್ರ ಜ್ವರ, ರಾತ್ರಿ ಹಾಸಿಗಿ ತೋಯೋಹಂಗ ಬೆವರು, ನಾಕ್ ದಿನ ಆರಾಮ್ ಅನಸ್ತಿತ್ತು ಮತ್ತ ಶುರು. ಟೈಫಾಯ್ಡ್ ಅಂದ್ರು, ವಾಯು ಅಂದ್ರು, ವಯಸ್ಸಾತು ಅಂದ್ರು. ಎಕ್ಸ್‌ರೇದಾಗ ಏನೂ ಇಲ್ಲಂತ ಬಂತು. ಎಲುಬಿನ್ಯಾಗಿನ ಸುಣ್ಣ ಸುಮಾರು 30 ಪರ್ಸೆಂಟರೆ ಹೋಗೋತನಕ ಎಕ್ಸ್‌ರೇದಾಗ ಕಾಣಂಗಿಲ್ಲಂತ, ಆದ್ರ ಎಲುಬಿನೊಳಗ ಬಾವು ಬಂದು ನೀರು ಸೇರಿದ್ರ ಎಂಆರ್‌ಐದಾಗ ಮೊದ್ಲೇ ಗೊತ್ತಾಗ್ತದಂತ, ಇದು ನಮಗ ಆಮ್ಯಾಲ ತಿಳೀತು.

ಕಲಬುರ್ಗಿಗಿ ಕರ್ಕೊಂಡು ಹೋದ್ವಿ. ಎಂಆರ್‌ಐ ಅಂದ್ರ ದೊಡ್ಡ ಅಯಸ್ಕಾಂತ, ಮೈಮ್ಯಾಲ ಲೋಹ ಇರಬಾರ್ದು, ಅಪ್ಪ ನೋಡಿದ್ರ ಬೆಳ್ಳಿ ಉಡದಾರ ಬಿಚ್ಚಂಗಿಲ್ಲಂತ ಕುಂತ. ಟೆಕ್ನಿಷಿಯನ್ ತಮ್ಮ ಒಂಚೂರೂ ಬ್ಯಾಸರ ಮಾಡ್ಕೊಳ್ಳದ ತಾನೇ ಮೆಲ್ಲಕ ಬಿಚ್ಚಿ ಅವ್ವನ ಸೆರಗಿಗಿ ಕಟ್ಟಿ, "ಕಾಕಾ, ಒಳಗ ಭಾಳ ಸಪ್ಪಳ ಆಗ್ತದ, ಅಳ್ಳಾಡಬ್ಯಾಡ್ರಿ, ಫೋಟೋ ಕೆಡ್ತದ" ಅಂತ ಹೇಳಿ ಕಿವಿಗಿ ಹತ್ತಿ ಇಟ್ಟು ಮಲಗಿಸ್ದ.

ಬೆನ್ನೆಲುಬಿಗಿ ಸೋಂಕು ಅಂದ್ರ ನಮ್ಮ ಕಡೆ ಮೊದ್ಲು ಟಿಬಿನೇ ನೆನಪಾಗ್ತದ. ಮೇಡಂ ಮಾತ್ರ ಟೊಂಕದ ನಾಲ್ಕನೇ ಮಣಿಯ ಮುಂದಿನ ಮ್ಯಾಲಿನ ಅಂಚಿಗೇ ಹೆಚ್ಚು ಪೆಟ್ಟು ಬಿದ್ದದ, ಮಣಿ ಆಕಾರ ಇನ್ನಾ ಕೆಟ್ಟಿಲ್ಲ, ದೊಡ್ಡ ಕೀವಿನ ಗಡ್ಡಿನೂ ಇಲ್ಲ, ಟಿಬಿ ಸಾಮಾನ್ಯ ಹಿಂಗ ಕಾಣಂಗಿಲ್ಲ ಅಂತ ನೋಡಿ, ಕಂಪ್ಯೂಟರ್ ಬಿಟ್ಟು ಎದ್ದು ನಾವು ಕುಂತ ಬೆಂಚಿಗೇ ಬಂದ್ರು. "ಮನ್ಯಾಗ ಆಡು ಕುರಿ ಅದಾವೇನ್ರಿ? ಹಸಿ ಹಾಲು ಕುಡೀತೀರೇನು? ಯಾವ್ದರೆ ಆಡು ಕಂದು ಹಾಕ್ಯದೇನು?" ಹಾಕಿತ್ತು, ಅಪ್ಪನೇ ಬರಿಗೈಲೆ ಮಾಸು ತೆಗೆದಿದ್ದ, ಅಲ್ಲೀತನಕ ಅದನ್ನ ಯಾರೂ ಕೇಳಿರಲಿಲ್ಲ. ಬ್ರುಸೆಲ್ಲಾ (ಆಡು, ದನ ಕಂದು ಹಾಕೋ ರೋಗದ ಕ್ರಿಮಿ, ಹಸಿ ಹಾಲು, ಮಾಸಿನಿಂದ ಮನಷ್ಯಾರಿಗೂ ಬರ್ತದ) ಟೆಸ್ಟ್ ಮಾಡ್ಸ್ರಿ ಅಂತ ರಿಪೋರ್ಟ್‌ನ್ಯಾಗ ಬರದ್ರು, ರಕ್ತದಾಗ ಅದೇ ಸಿಕ್ತು. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ 3 ತಿಂಗಳು, ಶುರುವಿಗಿ ಇಂಜೆಕ್ಷನ್. ಟಿಬಿ ಅಂತ ಹಿಡಿದಿದ್ರ ವರ್ಷದಷ್ಟು ಟಿಬಿ ಗುಳಿಗಿ ನುಂಗಬೇಕಿತ್ತು.

ಮೇಡಂ, ಹೆಸರು ಹಾಕಬ್ಯಾಡ ಅಂದ್ರಿ, ಹಾಕಿಲ್ಲ. ಸ್ಕ್ಯಾನ್ ಓದೋ ಡಾಕ್ಟರ್ ಪೇಷಂಟ್‌ಗಿ ಕಾಣೋದೇ ಇಲ್ಲ, ಕೆಳಗ ಒಂದ್ ಸಹಿ ಅಷ್ಟೇ ಇರ್ತದ, ಆದ್ರ ನಮ್ಮಪ್ಪನ ಬ್ಯಾನಿ ಏನಂತ ಗೊತ್ತಾಗಿದ್ದು ನೀವು ಎದ್ದು ಬಂದು ಕೇಳಿದ್ದಕ್ಕ.

ಆಡು, ದನ ಸಾಕಿದವ್ರು ದಯವಿಟ್ಟು ಹಾಲು ಕಾಸೇ ಕುಡೀರಿ, ಈಯಿಸುವಾಗ ಕೈಗಿ ಗ್ಲೌಸ್ ಹಾಕ್ರಿ. ಆಕಳ, ಎಮ್ಮಿ ಹೆಣ್ಣುಕರಕ್ಕ 4ರಿಂದ 8 ತಿಂಗಳೊಳಗ ಕಂದು ರೋಗದ ಲಸಿಕೆ ಹಾಕ್ತಾರ, ತಪ್ಪಸಬ್ಯಾಡ್ರಿ.

ಬರೋ ಅಮಾಸಿಗಿ ಶರಣಬಸವೇಶ್ವರ ಗುಡಿಗಿ ಬರ್ತೀವಿ ಮೇಡಂ, ನಿಮ್ಮನ್ನೂ ಆ ಟೆಕ್ನಿಷಿಯನ್ ತಮ್ಮನ್ನೂ ಕಂಡೇ ಹೋಗ್ತೀನಿ ಅಂತ ಅಪ್ಪ ಈಗಿಂದೇ ಹೇಳ್ಲಿಕತ್ತಾನ.